ಹಲ್ಲು, ಹೊಕ್ಕಳು, ಬೋಳ

ದೂರಕ್ಕನಿಗೆ ಆ ಹೆಸರಿಟ್ಟವರು ಡಬ್ಬ ತುಂಬುವ ವಿಭಾಗದವರು. ಕಾರಿನ ಪಾಲಿಶ್ ತಯಾರಿಸುವ ಆ ಕಾರ್ಖಾನೆಗೆ ಬರುವ ದೂರುಗಳೆಲ್ಲ ಅವಳ ಮೇಜಿಗೇ ಬಂದು ಬೀಳುತ್ತಿದ್ದವು. ದೂರಿನ ಅಕ್ಕ ಆದ್ದರಿಂದ ದೂರಕ್ಕ. ಇನ್ನೊಂದು ಕಾರಣ ಅವಳ ದನಿ. ಯಂತ್ರಗಳ ಗದ್ದಲದಲ್ಲಿ ಈ ತುದಿಗೆ ನಿಂತು "ಮುಚ್ಚಳ ಖಾಲೀ!" ಎಂದಳೆಂದರೆ, ಅಂಗಳದಾಚೆಯ ಉಗ್ರಾಣದಲ್ಲಿ ತೂಕಡಿಸುತ್ತಿದ್ದವನು ಎದ್ದು ನಿಲ್ಲುತ್ತಿದ್ದ. ಹಾಗಾಗಿ ದೂರ ಮುಟ್ಟುವ ಅಕ್ಕ ಎಂದರೂ ನಡೆಯುತ್ತಿತ್ತು. ಅವಳು ಎರಡು ಅರ್ಥಕ್ಕೂ ಮುಖ ಊದಿಸಿಕೊಂಡವಳಲ್ಲ.

ಹತ್ತೊಂಬತ್ತನೇ ವಯಸ್ಸಿಗೆ ಅವಳು ಅಲ್ಲಿ ಸೇರಿದ್ದು ಮುಚ್ಚಳ ಒತ್ತುವ ಕೆಲಸಕ್ಕೆ. ಪಾಲಿಶ್ ತುಂಬಿದ ಚಪ್ಪಟೆ ಡಬ್ಬಗಳು ಪಟ್ಟಿಯ ಮೇಲೆ ಸಾಲಾಗಿ ಬರುತ್ತಿದ್ದವು. ಒಂದೊಂದರ ಮೇಲೂ ತಗಡಿನ ಮುಚ್ಚಳ ಇಟ್ಟು ಅಂಗೈಯಿಂದ ಗುದ್ದಿ ಕೂರಿಸಬೇಕು. ಮಧ್ಯಾಹ್ನದ ಊಟಕ್ಕೆ ಮೊದಲು ಒಂದು ಸಾವಿರ, ಆಮೇಲೆ ಇನ್ನೊಂದು ಸಾವಿರ. ಸಂಜೆ ಮನೆಗೆ ಹೋದರೆ ಅಂಗೈ ತುಂಬ ಮುಚ್ಚಳದ ಅಂಚಿನ ಗುರುತು. "ಏನೇ ಇದು, ಏನಾದ್ರೂ ಕಚ್ತಾ?" ಎಂದು ಅವಳ ತಾಯಿ ಗಾಬರಿ ಬಿದ್ದದ್ದುಂಟು. "ಕೆಲಸ ಕಚ್ತಮ್ಮಾ" ಎಂದು ಅವಳು ನಕ್ಕಿದ್ದಳು.

ನಾಲ್ಕು ವರ್ಷದ ಮೇಲೆ ಆಗಿನ ಮ್ಯಾನೇಜರು ಅವಳ ಗಂಟಲು ಕೇಳಿ ಬೆರಗಾಗಿ, ಇವಳನ್ನು ಫೋನಿನ ಮುಂದೆ ಕೂರಿಸಿದರೆ ಜಗಳಕ್ಕೆ ಬಂದವರು ಬಾಲ ಮುದುರಿಕೊಂಡು ಹೋಗುತ್ತಾರೆಂದು ಲೆಕ್ಕ ಹಾಕಿದರು. ಲೆಕ್ಕ ತಲೆಕೆಳಗಾಯಿತು. ಅವಳಿಗೆ ಗಂಟಲಿಗಿಂತ ದೊಡ್ಡ ಕಿವಿ ಇತ್ತು. ಯಾರು ಎಷ್ಟೇ ಕೂಗಾಡಲಿ, ಅವರ ಉಸಿರು ಮುಗಿಯುವ ತನಕ ಕೇಳಿ, ಆಮೇಲೆ "ಈಗ ಮೊದಲಿಂದ ಹೇಳಿ" ಎನ್ನುತ್ತಿದ್ದಳು. ಗಿರಾಕಿ ಫೋನ್ ಇಡುವ ತನಕ ತಾನು ಇಡಬಾರದು ಎಂಬುದು ಅವಳದೇ ನಿಯಮ. ಯಾರೂ ಹೇಳಿಕೊಟ್ಟದ್ದಲ್ಲ, ಯಾವ ಗೋಡೆಯ ಮೇಲೂ ಬರೆದದ್ದಲ್ಲ. ಹದಿನೆಂಟು ವರ್ಷ ಅದನ್ನು ಒಂದು ಸಲವೂ ಮುರಿದಿರಲಿಲ್ಲ. ಈ ಒಂದು ವಿಷಯದಲ್ಲಿ ಅವಳಿಗೆ ಚೂರು ಜಂಬವಿತ್ತು. ಇರಲಿ ಬಿಡಿ, ಅಷ್ಟೂ ಇಲ್ಲದಿದ್ದರೆ ಮನುಷ್ಯರು ಬೆಳಗ್ಗೆ ಎದ್ದು ಕೆಲಸಕ್ಕೆ ಹೊರಡುವುದು ಹೇಗೆ?

ಈ ಕಾರ್ಖಾನೆಯ ಪಾಲಿಶ್‌ನಲ್ಲಿ ಮೂರು ನಂಬರುಗಳಿದ್ದವು. ಒಂದನೇ ನಂಬರು ಒರಟು, ಗೀರು ತೆಗೆಯುವುದಕ್ಕೆ. ಎರಡನೆಯದು, ಒಂದನೆಯದು ಉಳಿಸಿದ ಮಂಕನ್ನು ಕಳೆಯುವುದಕ್ಕೆ. ಮೂರನೆಯದು ಬೆಣ್ಣೆಯಷ್ಟು ನಯ, ಕೊನೆಯ ಹೊಳಪಿಗೆ. ಮೂರೂ ಹಳದಿ ಡಬ್ಬ, ಮೇಲೆ ಯಾರೋ ಅರ್ಧ ಮನಸ್ಸಿನಿಂದ ಬರೆದಂತಿದ್ದ ಒಂದು ಕಾರಿನ ಚಿತ್ರ. ನಲವತ್ತು ವರ್ಷ ಹೀಗೇ ನಡೆದಿತ್ತು. ಆ ವರ್ಷ ಹೊಸ ಮ್ಯಾನೇಜರು ಬಂದರು. ತಲೆಯ ಮೇಲೆ ಒಂದು ಕೂದಲೂ ಇಲ್ಲದ, ಮನಸ್ಸಿನಲ್ಲಿ ಕಲ್ಮಶವೂ ಇಲ್ಲದ ಮನುಷ್ಯ. ಅವರ ಬೆನ್ನಿಗೇ ಒಂದು ಜಾಹೀರಾತು ಕಂಪನಿಯಿಂದ ಹೊಸ ರೂಪ ಕೊಡುವವರೂ ಬಂದರು. ಆ ಗುಂಪಿನ ಮುಖ್ಯಸ್ಥೆಯನ್ನು ಎಲ್ಲರೂ ರೂಪದ ಮೇಡಂ ಎಂದೇ ಕರೆದರು.

ರೂಪದ ಮೇಡಂ ಮೂರು ತಿಂಗಳಲ್ಲಿ ಹಳದಿ ಡಬ್ಬವನ್ನು ಕಪ್ಪು ಮಾಡಿದರು. ಕಾರಿನ ಚಿತ್ರ ಹೋಯಿತು. ನಂಬರುಗಳು ಹೋಗಿ ಹೆಸರುಗಳು ಬಂದವು: ಪ್ರಾರಂಭ, ಪ್ರಕಾಶ, ಪ್ರತಿಬಿಂಬ. ಕೂದಲೆಳೆಯಷ್ಟು ತೆಳ್ಳಗಿನ ಬೆಳ್ಳಿ ಅಕ್ಷರ. ಮುಚ್ಚಳಗಳನ್ನು ಹೊರಗೆ ಮಾಡಿಸಿ ತಂದರು. ಮೂರಕ್ಕೂ ಒಂದೇ ಥರದ, ಕೈಯಿಟ್ಟರೆ ಜಾರುವ ಕಪ್ಪು ಮುಚ್ಚಳ. ಡಬ್ಬದ ಅಳತೆ ಮಾತ್ರ ಹಾಗೇ ಇತ್ತು, ಒಳಗಿನ ಪಾಲಿಶ್ ಕೂಡ. "ಮೂರೂ ಒಂದೇ ಕುಟುಂಬದವು ಅಂತ ನೋಡಿದ ಕೂಡಲೇ ಗೊತ್ತಾಗಬೇಕು" ಎಂದರು ಮೇಡಂ. ಗೊತ್ತಾಯಿತು, ಯಾರು ಅಣ್ಣ ಯಾರು ತಮ್ಮ ಎಂಬುದು ಮಾತ್ರ ಗೊತ್ತಾಗುತ್ತಿರಲಿಲ್ಲ.

ದೂರಕ್ಕನ ಮೇಜಿಗೆ ಒಂದು ಕಟ್ಟು ಹೊಸ ನಮೂನೆಯ ಹಾಳೆ ಬಂತು. ಪ್ರತಿ ಫೋನು, ಪ್ರತಿ ಪತ್ರ ನಾಲ್ಕು ಖಾನೆಗಳಲ್ಲಿ ಒಂದಕ್ಕೆ ಸೇರಬೇಕು: ಮೆಚ್ಚುಗೆ, ಹಳೆಯದರ ಮೋಹ, ನಿಜವಾದ ದೂರು, ಬೈಗುಳ. ಬೈಗುಳಕ್ಕೆ ಉತ್ತರ ಬರೆಯಬೇಕಿಲ್ಲ. ಫೋನಾದರೆ ಇಟ್ಟುಬಿಡಬಹುದು, ಹಾಳೆಯನ್ನು ಕೆಳಗಿನ ಡ್ರಾಯರಿಗೆ ಹಾಕಬಹುದು. "ನಿಮ್ಮ ನೆಮ್ಮದಿಗೋಸ್ಕರ" ಎಂದರು ಮೇಡಂ. ಅವರು ಕೆಟ್ಟವರಲ್ಲ, ನಿಜವಾಗಿಯೂ ಅವಳ ನೆಮ್ಮದಿಗೋಸ್ಕರವೇ ಹಾಗೆ ಮಾಡಿದ್ದರು.

ಹೊಸ ಡಬ್ಬ ಅಂಗಡಿಗೆ ಹೋದ ವಾರದಿಂದ ಫೋನಿಗೆ ಬಿಡುವಿಲ್ಲ. ಒಬ್ಬರಿಗೆ ಡಬ್ಬ ಎಷ್ಟು ಹಿಡಿಸಿತೆಂದರೆ, ಪಾಲಿಶ್ ತೆಗೆದರೆ ಅಂದಗೆಡುತ್ತದೆಂದು ಮುಚ್ಚಳವನ್ನೇ ತೆಗೆದಿರಲಿಲ್ಲ. ಅದು ಮೆಚ್ಚುಗೆ. ಒಬ್ಬ ಅಜ್ಜಿ ಹಳದಿ ಡಬ್ಬದಲ್ಲಿ ಗುಂಡಿ, ಸೂಜಿ ಇಟ್ಟುಕೊಳ್ಳುತ್ತಿದ್ದರಂತೆ. ಕಪ್ಪು ಡಬ್ಬದಲ್ಲಿ ಸೂಜಿ ಕಾಣಿಸುವುದಿಲ್ಲವಂತೆ. ಅದು ಹಳೆಯದರ ಮೋಹ. ಒಬ್ಬ ಟ್ಯಾಕ್ಸಿಯವನು ಬೂಟ್ ಪಾಲಿಶ್ ಎಂದುಕೊಂಡು ಪ್ರಾರಂಭವನ್ನು ಬೂಟಿಗೆ ಹಚ್ಚಿ, ಬೂಟಿನ ಮೇಲಿನ ಚರ್ಮವನ್ನೇ ಎಬ್ಬಿಸಿಕೊಂಡಿದ್ದ. ಅದು ಯಾವ ಖಾನೆಗೆ ಎಂದು ಅವಳು ಸ್ವಲ್ಪ ಹೊತ್ತು ಪೆನ್ನು ಕಚ್ಚಿ ಕೂತಳು.

ಇವುಗಳ ನಡುವೆ ಇನ್ನೊಂದು ಥರದ ಫೋನುಗಳು ಶುರುವಾದವು. ಮೊದಲನೆಯದನ್ನು ಅವಳು ಮರೆಯುವಂತಿಲ್ಲ.

"ಏನಮ್ಮಾ, ನಿಮ್ಮಲ್ಲಿ ಈಗ ಎಲ್ಲಾ ಬೋಳೇನಾ? ಒಂದಕ್ಕಾದ್ರೂ ಹಲ್ಲು ಬೇಡ್ವಾ?"

ಅವಳ ಕಣ್ಣು ತಾನಾಗಿಯೇ ಗಾಜಿನ ಗೋಡೆಯಾಚೆ ಹೋಯಿತು. ಮ್ಯಾನೇಜರು ತಲೆ ಬಗ್ಗಿಸಿ ಏನೋ ಓದುತ್ತಿದ್ದರು. ಟ್ಯೂಬ್‌ಲೈಟು ಆ ತಲೆಯ ಮೇಲೆ ಉದ್ದಕ್ಕೂ ಮಲಗಿತ್ತು. ಅವಳಿಗೆ ಕಿವಿ ಬಿಸಿಯಾಯಿತು. ಪಾಪ, ಬಂದು ಆರು ತಿಂಗಳಾಗಿಲ್ಲ, ಆಗಲೇ ಊರಿಗೆಲ್ಲ ಸುದ್ದಿಯೇ? ಮರುದಿನ ಒಂದು ಕಾರ್ಡು: 'ಬೋಳು ನೋಡಿ ನೋಡಿ ಸಾಕಾಗಿದೆ. ನಮ್ಮ ಹಲ್ಲು, ನಮ್ಮ ಹೊಕ್ಕಳು ವಾಪಸ್ ಕೊಡಿ.' ಹೊಕ್ಕಳು ಎಂಬಲ್ಲಿಗೆ ಬಂದವಳೇ ಅದನ್ನು ನಾಲ್ಕು ಮಡಿಕೆ ಮಾಡಿ ಕೆಳಗಿನ ಡ್ರಾಯರಿಗೆ ತುರುಕಿದಳು. ಮೂರು ವಾರದಲ್ಲಿ ಇಂಥವು ಹನ್ನೊಂದಾದವು. ಮ್ಯಾನೇಜರು ಎದುರಾದಾಗಲೆಲ್ಲ ಅವಳು ಅಯ್ಯೋ ಎನ್ನುವಂಥ ಒಂದು ನಗೆ ನಗುತ್ತಿದ್ದಳು. ಅವರು ಅರ್ಥವಾಗದೆ ತಾವೂ ನಗುತ್ತಿದ್ದರು.

ಹನ್ನೊಂದರಲ್ಲಿ ಒಂದು ಫೋನು ಮಾತ್ರ ಬೈಗುಳದ ದನಿಯಲ್ಲಿರಲಿಲ್ಲ. ವಯಸ್ಸಾದ, ನಿಧಾನದ ಗಂಡುದನಿ.

"ಅಮ್ಮಾ, ನಿಮ್ಮ ಬೋಳನ್ನ ನಂಬ್ಕೊಂಡು ಮೂವತ್ತು ವರ್ಷ ಕೆಲಸ ಮಾಡ್ದೆ. ಈಗ ಅವನ ಮೇಲೆ ನಂಬಿಕೆ ಇಡೋ ಹಾಗಿಲ್ಲ."

"ಮಾತು ಮರ್ಯಾದೆಯಾಗಿರ್ಲಿ."

"ಇಲ್ಲಮ್ಮಾ, ಒಂಚೂರು ಕೇಳಿ, ಬೋಳ ಅಂದ್ರೆ..."

ಅವಳು ಫೋನ್ ಇಟ್ಟುಬಿಟ್ಟಳು. ಹದಿನೆಂಟು ವರ್ಷದಲ್ಲಿ ಮೊದಲ ಸಲ. ಆರು ತಿಂಗಳ ಹಿಂದೆ ಬಂದ ಮ್ಯಾನೇಜರನ್ನು ಮೂವತ್ತು ವರ್ಷ ನಂಬುವುದು ಹೇಗೆ ಎಂಬ ಪ್ರಶ್ನೆ ಕಿವಿಯ ತನಕ ಬಂತು, ತಲೆಗೆ ಹೋಗಲಿಲ್ಲ. ಹಾಳೆಯ ಮೇಲೆ 'ಬೈಗುಳ' ಎಂದು ಬರೆದಳು. ಆ ದಿನವಿಡೀ ಅವಳಿಗೆ ಏನೋ ಮರೆತುಬಂದ ಹಾಗೆ ಅನ್ನಿಸುತ್ತಿತ್ತು.

ಹದಿನೈದು ದಿನ ಕಳೆದ ಮೇಲೆ ಒಂದು ದಪ್ಪ ಲಕೋಟೆ ಬಂತು. ಕಾರು ತೊಳೆದು ಹೊಳಪು ಕೊಡುವ ಒಂದು ಶೆಡ್ಡಿನ ಮಾಲೀಕ ಬರೆದಿದ್ದ. ಡಾಕ್ಟರೊಬ್ಬರ ಕಪ್ಪು ಕಾರಿಗೆ ಕೊನೆಯ ಹೊಳಪು ಕೊಡುವಾಗ ಬಾನೆಟ್ಟಿನ ತುಂಬ ಗೀರೆದ್ದಿದೆ, ಫೋಟೋ ಲಗತ್ತಿಸಿದೆ. 'ಮೂವತ್ತು ವರ್ಷದಿಂದ ನನ್ನಲ್ಲಿರುವ ಪಾಲಿಶ್ ಮೇಷ್ಟ್ರು ಮಾಡಿದ ಕೆಲಸವಿದು. ಅವರು ಡಬ್ಬದ ತಪ್ಪು ಎನ್ನುತ್ತಾರೆ. ನನಗೆ ಅವರ ಕೈ ಹೋಗಿದೆ ಅನ್ನಿಸುತ್ತದೆ. ಸದ್ಯಕ್ಕೆ ಕಾರಿನೊಳಗಿನ ಮ್ಯಾಟು ತೊಳೆಯಲು ಹಾಕಿದ್ದೇನೆ. ತಪ್ಪು ನಿಮ್ಮದೋ ಅವರದೋ, ಬರೆದು ತಿಳಿಸಿ. ಅದರ ಮೇಲೆ ಅವರನ್ನು ಇಟ್ಟುಕೊಳ್ಳುವುದೋ ಬಿಡುವುದೋ ತೀರ್ಮಾನ ಮಾಡುತ್ತೇನೆ.'

ಪ್ರಯೋಗಾಲಯದವರು ಪಾಲಿಶ್ ಪರೀಕ್ಷಿಸಿ, ಕೂದಲಷ್ಟೂ ದೋಷವಿಲ್ಲ ಎಂದರು. ಮ್ಯಾನೇಜರು ಉತ್ತರ ಹೇಳಿದರು, ದೂರಕ್ಕ ಟೈಪು ಮಾಡಿದಳು: 'ನಮ್ಮ ಪಾಲಿಶ್‌ನಲ್ಲಿ ದೋಷವಿಲ್ಲ. ಬಳಸಿದವರ ತಪ್ಪಿರಬಹುದು.' ಅಷ್ಟರಲ್ಲಿ ಬೆರಳು ನಿಂತಿತು. ಮೂವತ್ತು ವರ್ಷ. ಈ ಮಾತನ್ನು ಅವಳು ಎಲ್ಲೋ ಕೇಳಿದ್ದಳು. ಎಲ್ಲಿ ಎಂದು ನೆನಪಾದಾಗ ಕೆಳಗಿನ ಡ್ರಾಯರು ಎಳೆದು, 'ಬೈಗುಳ' ಎಂದು ಬರೆದಿದ್ದ ಆ ಹಾಳೆಯನ್ನು ಹುಡುಕಿ ತೆಗೆದಳು. ಉತ್ತರವನ್ನು ಅಂಚೆಗೆ ಹಾಕದೆ ಚೀಲದೊಳಗೆ ಇಟ್ಟುಕೊಂಡಳು.

ಸಂಜೆ ಮನೆಯಲ್ಲಿ ಊಟದ ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂತಳು. ಶಾಲೆಯ ವ್ಯಾನು ಓಡಿಸುವ ಅವಳ ಗಂಡ, ನಲವತ್ತು ಮಕ್ಕಳ ಕಿರುಚಾಟ ಕೇಳಿ ಬಂದವನು, ಈ ಮೌನ ನೋಡಿ ಹೆದರಿದ.

"ಏನಾಯ್ತೇ? ನನ್ನ ಮೇಲೆ ಏನಾದ್ರೂ ದೂರಿದ್ರೆ ನೇರವಾಗಿ ಹೇಳು. ಬೈಗುಳದ ಖಾನೆಗೆ ಹಾಕ್ಬೇಡ, ಅಲ್ಲಿಂದ ಉತ್ತರ ಬರಲ್ಲ."

ಅವಳು ಎಲ್ಲವನ್ನೂ ಹೇಳಿದಳು. ಬೋಳ ಎಂಬಲ್ಲಿ ಗಂಡ ನಕ್ಕುಬಿಟ್ಟ. ಗೋಡೆಗೆ ಒರಗಿ ಕೂತಿದ್ದ ಅತ್ತೆ ನಗಲಿಲ್ಲ. ಆಕೆ ಸೊಸೆಯನ್ನು ಹೊಗಳಿದ್ದನ್ನು ಆ ಮನೆಯ ಗೋಡೆಗಳೂ ಕೇಳಿಲ್ಲ, ಆದರೆ ಪ್ರಶ್ನೆ ಕೇಳುವುದರಲ್ಲಿ ವಕೀಲರನ್ನು ಮೀರಿಸುತ್ತಿದ್ದರು.

"ಬೈಯೋಕೆ ಅಂತ ಫೋನ್ ಮಾಡ್ದೋನು 'ಅಮ್ಮಾ' ಅಂತಾನಾ?"

ದೂರಕ್ಕ ತಲೆಯೆತ್ತಿದಳು.

"'ಒಂಚೂರು ಕೇಳಿ' ಅಂತಾನಾ? ನಾನು ನಿನ್ನ ಬೈಯೋವಾಗ ಯಾವತ್ತಾದ್ರೂ ಹಾಗಂದಿದೀನಾ?"

"ಇಲ್ಲ ಅತ್ತೆ."

"ಮತ್ತೆ? ಹೋಗಿ ಕೇಳ್ಕೊಂಡು ಬಾ."

ಶನಿವಾರ ಅರ್ಧ ದಿನ. ದೂರಕ್ಕ ಎರಡು ಬಸ್ಸು ಬದಲಿಸಿ ಆ ಶೆಡ್ಡಿಗೆ ಹೋದಳು. ತಗಡಿನ ಚಾವಣಿ, ಒದ್ದೆ ಸಿಮೆಂಟು ನೆಲ, ನಾಲ್ಕು ಕಾರು. ಮಾಲೀಕ ಹೊರಗೆ ಹೋಗಿದ್ದ. ಹಿಂದಿನ ಗೋಡೆಯ ಹತ್ತಿರ ಕುಕ್ಕುರುಗಾಲಲ್ಲಿ ಕೂತು ಒಬ್ಬರು ರಬ್ಬರು ಮ್ಯಾಟಿಗೆ ಬ್ರಷ್ ಉಜ್ಜುತ್ತಿದ್ದರು. ಬಿಳಿ ಮೀಸೆ, ತೋಳು ಮಡಚಿದ, ಇಸ್ತ್ರಿ ಮಾಡಿದ ಅಂಗಿ. ಮ್ಯಾಟು ತೊಳೆಯುವುದಕ್ಕೆ ಯಾರೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುವುದಿಲ್ಲ. ಇವತ್ತಾದರೂ ಕರೆದು ಬಟ್ಟೆ ಕೈಗೆ ಕೊಟ್ಟಾರು ಎಂದು ಅವರು ದಿನಾ ಹಾಗೇ ಬರುತ್ತಿದ್ದರು.

"ಪಾಲಿಶ್ ಕಂಪನಿಯಿಂದ ಬಂದಿದೀನಿ. ಡಬ್ಬದ ವಿಷಯ ಕೇಳ್ಬೇಕಿತ್ತು."

ಮೇಷ್ಟ್ರು ಎದ್ದರು, ಕೈ ಒರೆಸಿಕೊಂಡರು. ಅವಳ ದನಿಯ ಗುರುತು ಹತ್ತಿತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಅವಳನ್ನು ಕೆಲಸ ನಡೆಯುತ್ತಿದ್ದ ಒಂದು ಕಾರಿನ ಬಳಿ ಕರೆದುಕೊಂಡು ಹೋದರು. ಪಕ್ಕದ ಸ್ಟೂಲಿನ ಮೇಲೆ ಮೂರು ಕಪ್ಪು ಡಬ್ಬಗಳಿದ್ದವು. ಬೆಳ್ಳಿ ಅಕ್ಷರದ ಮೇಲೆ ಪಾಲಿಶ್ ಮೆತ್ತಿ ಒಣಗಿ, ಪ್ರಾರಂಭವೂ ಪ್ರತಿಬಿಂಬವೂ ಒಂದೇ ಬಣ್ಣದ ಕೊಳೆಯಾಗಿದ್ದವು.

"ಉಜ್ಜೋವಾಗ ಕಣ್ಣು ಕಾರಿನ ಮೈ ಬಿಟ್ಟು ಅಲ್ಲಾಡ್ಬಾರ್ದಮ್ಮಾ. ಕಣ್ಣು ತೆಗೆದ್ರೆ ಎಲ್ಲಿಗೆ ಬಂದಿದ್ವಿ ಅಂತ ಮರೆತುಹೋಗುತ್ತೆ, ಅಷ್ಟರಲ್ಲಿ ಪಾಲಿಶ್ ಒಣಗಿ ಕಲೆ ಆಗುತ್ತೆ. ಅದಕ್ಕೆ ಕೈ ಮಾತ್ರ ಸ್ಟೂಲಿಗೆ ಹೋಗುತ್ತೆ. ಕೈಗೆ ಓದೋಕೆ ಬರಲ್ಲ, ನೋಡಿ."

ಅವರು ಗೋಡೆಯ ಗೂಡಿನಿಂದ, ಸೊಟ್ಟಗಾಗಿ ಇನ್ನು ಡಬ್ಬಕ್ಕೆ ಕೂರದ ಮೂರು ಹಳೆಯ ಹಳದಿ ಮುಚ್ಚಳಗಳನ್ನು ತೆಗೆದರು. "ಕಣ್ಣು ಮುಚ್ಕೊಳ್ಳಿ. ಕೈ ನೀಡಿ."

ಅವಳು ಕಣ್ಣು ಮುಚ್ಚಿ ಅಂಗೈ ಚಾಚಿದಳು. ಮೊದಲ ಮುಚ್ಚಳ ಅಂಗೈಗೆ ತಾಗಿದ ಕೂಡಲೇ ಮೈ ಜುಮ್ಮೆಂದಿತು. ಅಂಚಿನ ಸುತ್ತ ಸಣ್ಣ ಸಣ್ಣ ಮುಳ್ಳಿನಂಥ ಕಚ್ಚು.

"ಇದು ಹಲ್ಲು. ಒಂದನೇ ನಂಬರು."

ಎರಡನೆಯದರ ನಡುವೆ ಬೆರಳು ಕೂರುವಷ್ಟು ಒಂದು ತಗ್ಗು.

"ಇದು ಹೊಕ್ಕಳು."

ಮೂರನೆಯದು ಪೂರ್ತಿ ನುಣುಪು. ಹಲ್ಲಿಲ್ಲ, ತಗ್ಗಿಲ್ಲ.

"ಇವನು ಬೋಳ" ಎಂದರು ಮೇಷ್ಟ್ರು, ಮನೆಮಗನನ್ನು ಪರಿಚಯ ಮಾಡಿಕೊಡುವ ಹಾಗೆ. "ಕಾರು ಉಜ್ಜೋರೆಲ್ಲ ಹೀಗೇ ಅನ್ನೋದು. ಮೊದಲು ಹಲ್ಲು, ಆಮೇಲೆ ಹೊಕ್ಕಳು, ಕೊನೆಗೆ ಬೋಳ. ಕೈಗೆ ಬೋಳ ಸಿಕ್ರೆ ಕಣ್ಮುಚ್ಚಿ ಹಚ್ಬಹುದು. ಈಗ ಮೂರೂ ಬೋಳ. ನಿಮ್ಮ ಕಂಪನಿಗೆ ಫೋನ್ ಮಾಡಿದ ಮರುವಾರ ಬೋಳ ಅಂತ ತೆಗೆದೆ, ಹಲ್ಲಿನ ಮಾಲು ಬಂದಿತ್ತು. ಎರಡು ಸುತ್ತು ಉಜ್ಜೋ ಹೊತ್ತಿಗೆ ಬಾನೆಟ್ಟೇ ಹೋಯ್ತು."

ಕಾರ್ಖಾನೆಯಲ್ಲಿ ಮುಚ್ಚಳ ಮಾಡುತ್ತಿದ್ದ ಮೂರು ಹಳೆಯ ಅಚ್ಚುಗಳು ಬೇರೆ ಬೇರೆ ಕಾಲದಲ್ಲಿ ತಂದವು. ಒಂದರ ಅಂಚು ಕಚ್ಚುಕಚ್ಚಾಗಿತ್ತು, ಒಂದರ ನಡುವಿನ ಮೊಳೆ ತಗ್ಗು ಬೀಳಿಸುತ್ತಿತ್ತು, ಮೂರನೆಯದು ಕೆಡದೆ ಉಳಿದದ್ದರಿಂದ ಮುಚ್ಚಳ ನುಣುಪಾಗಿ ಬರುತ್ತಿತ್ತು. ಬೇಕೆಂದು ಮಾಡಿದ್ದಲ್ಲ, ಯಾರೂ ಗಮನಿಸಿದ್ದೂ ಅಲ್ಲ. ನಂಬರು ಹೇಳಿ ಮಾಲು ತರಿಸುವ ಅಂಗಡಿಯವರು ಮಾತ್ರ ಇಷ್ಟು ವರ್ಷ ಫೋನ್ ಮಾಡುತ್ತಿದ್ದರು. ಉಜ್ಜುವವರು ಫೋನ್ ಮಾಡುವ ಅಗತ್ಯವೇ ಬಿದ್ದಿರಲಿಲ್ಲ. ಆದರೆ ದೂರಕ್ಕನ ಅಂಗೈಗೆ ಇದು ಹತ್ತೊಂಬತ್ತನೇ ವಯಸ್ಸಿನಿಂದ ಗೊತ್ತಿತ್ತು. ಈ ಹಲ್ಲೇ ಅವಳನ್ನು ನಾಲ್ಕು ವರ್ಷ ಕಚ್ಚಿದ್ದು. ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. ಕಣ್ಣು ತೆರೆಯಲು ನಾಚಿಕೆಯಾಯಿತು.

"ಮೇಷ್ಟ್ರೇ, ಅವತ್ತು ಫೋನ್ ಇಟ್ಟಿದ್ದು ನಾನೇ."

"ಗೊತ್ತಾಯ್ತಮ್ಮಾ, ನೀವು ಬಾಯಿ ತೆಗೆದಾಗ್ಲೇ. ಆ ಗಂಟಲು ಎಲ್ಲಿ ಮರೆಯೋದು?"

"ಬೈಯಿರಿ ನನ್ನ."

"ಬೈದು ಏನ್ಮಾಡ್ಲಿ?" ಮೇಷ್ಟ್ರು ಮ್ಯಾಟಿನ ಕಡೆ ನೋಡಿದರು. "ಇಡೀ ದಿನ ಆ ನೀರಲ್ಲಿ ಕೈ ಇಟ್ಕೊಂಡು ಕೂತಾಗ ನನಗೂ ಅನುಮಾನ ಬರುತ್ತೆ. ಮಾಲೀಕರು ಹೇಳೋದೇ ಸರಿಯೇನೋ. ಡಬ್ಬ ನೆಪ, ಕೈಯೇ ಹೋಯ್ತೇನೋ ಅಂತ."

ಈ ಮಾತು ಅವಳನ್ನು ಚುಚ್ಚಿದಷ್ಟು ಯಾವ ಬೈಗುಳವೂ ಚುಚ್ಚುತ್ತಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಿಮ್ಮ ಕೈ ಎಲ್ಲೂ ಹೋಗಿಲ್ಲ. ಅದನ್ನ ನಿಮ್ಮ ಮಾಲೀಕರ ಕೈಲಿ ಹೇಳಿಸದೆ ನಾನು ಬಿಡಲ್ಲ."

ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಅವಳು ಹನ್ನೊಂದು ಹಾಳೆ ಹಿಡಿದು ಮ್ಯಾನೇಜರ ಕೋಣೆಗೆ ನುಗ್ಗಿದಳು. ರೂಪದ ಮೇಡಂ ಕೂಡ ಅಲ್ಲೇ ಇದ್ದರು. ಒಳ್ಳೆಯದೇ ಆಯಿತು ಎಂದುಕೊಂಡಳು, ಎರಡು ಸಲ ಹೇಳುವ ಕಷ್ಟ ತಪ್ಪಿತು. ಆದರೆ ಶುರು ಮಾಡುವುದು ಎಲ್ಲಿಂದ? ಆ ತಲೆಯನ್ನು ಎದುರಿಗಿಟ್ಟುಕೊಂಡು ಆ ಮಾತು ಬಾಯಿಂದ ಹೊರಡುವುದು ಹೇಗೆ? ಅವಳು ನೆಲ ನೋಡಿದಳು, ಚಾವಣಿ ನೋಡಿದಳು, ಕೊನೆಗೆ ಮೇಜಿನ ಮೇಲಿದ್ದ ಕಪ್ಪು ಡಬ್ಬಕ್ಕೆ ಹೇಳಿದಳು.

"ಸಾರ್, ಬೋಳ ಅಂದ್ರೆ ನೀವಲ್ಲ."

ಮೇಡಂ ಕೈಲಿದ್ದ ಪೆನ್ನು ಕೆಳಗೆ ಬಿತ್ತು. ದೂರಕ್ಕ ಉಸಿರು ಬಿಡದೆ ಹಲ್ಲು, ಹೊಕ್ಕಳು, ಬೋಳ, ಮೇಷ್ಟ್ರು, ಬಾನೆಟ್ಟು ಎಲ್ಲವನ್ನೂ ಹೇಳಿ ಮುಗಿಸಿದಳು. ಮ್ಯಾನೇಜರು ಹನ್ನೊಂದು ಹಾಳೆಯನ್ನೂ ಓದಿದರು. ಐದನೆಯದಕ್ಕೆ ಭುಜ ಕುಲುಕತೊಡಗಿತು, ಎಂಟನೆಯದಕ್ಕೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ನೀವು ನನ್ನ ಕಂಡಾಗೆಲ್ಲ ಯಾಕೆ ಹಾಗೆ ನಗ್ತಿದ್ರಿ ಅಂತ ಈಗ ಗೊತ್ತಾಯ್ತು" ಎಂದರು.

ಮೇಡಂಗೆ ನಗು ಬರಲಿಲ್ಲ. "ಲೇಬಲ್ ಓದಬಹುದಲ್ವಾ? ಒಂದು ಕ್ಷಣದ ಕೆಲಸ. ಸ್ವಲ್ಪ ದಿನ ಹೋದ್ರೆ ಅಭ್ಯಾಸ ಆಗುತ್ತೆ."

"ಒಂದು ಬಕೆಟ್ ಸೋಪಿನ ನೀರು ತರ್ತೀನಿ" ಎಂದಳು ದೂರಕ್ಕ. "ಅಂಗಳಕ್ಕೆ ಬನ್ನಿ."

ಅಂಗಳದಲ್ಲಿ ಮ್ಯಾನೇಜರ ಹೊಸ ಕಾರು ನಿಂತಿತ್ತು. ಕಡುನೀಲಿ, ಕೊಂಡು ಎರಡು ತಿಂಗಳು. ಅದರ ಪಕ್ಕ ಸ್ಟೂಲಿಟ್ಟು, ಶೆಡ್ಡಿನಲ್ಲಿ ಕಂಡ ಹಾಗೆಯೇ ಮೂರು ಡಬ್ಬಕ್ಕೂ ಒಂದಿಷ್ಟು ಪಾಲಿಶ್ ಮೆತ್ತಿದಳು. ಡಬ್ಬ ತುಂಬುವ ವಿಭಾಗದವರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು ನಿಂತರು.

"ಕೈ ಅದ್ದಿ ಸಾರ್, ಉಜ್ಜೋರ ಕೈ ಯಾವಾಗ್ಲೂ ಒದ್ದೆ. ಕಣ್ಣು ಬಾನೆಟ್ ಮೇಲೇ ಇರ್ಲಿ, ತೆಗೀಬೇಡಿ. ಮೂರನೇ ನಂಬರು ತಗೊಂಡು ಹಚ್ಚಿ."

ಮ್ಯಾನೇಜರು ಕೈ ಅದ್ದಿ, ಬಾನೆಟ್ಟನ್ನೇ ನೋಡುತ್ತ, ಸ್ಟೂಲಿನ ಮೇಲೆ ತಡವಿದರು. ಒಂದು ಮುಚ್ಚಳ ಮುಟ್ಟಿ ಬಿಟ್ಟರು, ಇನ್ನೊಂದು ಮುಟ್ಟಿದರು, ಮತ್ತೆ ಮೊದಲನೆಯದಕ್ಕೆ ಬಂದರು. ಜಾರಿಸಿ ಜಾರಿಸಿ ಕೊನೆಗೆ ಒಂದನ್ನು ತೆರೆದು, ಬಟ್ಟೆಗೆ ತೆಗೆದುಕೊಂಡು, ಧೈರ್ಯವಾಗಿ ಬಾನೆಟ್ಟಿನ ಕಡೆ ಕೈ ಒಯ್ದರು. ಬಟ್ಟೆ ಬಣ್ಣಕ್ಕೆ ತಾಗಲು ಎರಡು ಬೆರಳಷ್ಟು ಉಳಿದಿರುವಾಗ ದೂರಕ್ಕ ಅವರ ಮಣಿಕಟ್ಟು ಹಿಡಿದುಬಿಟ್ಟಳು. ಇಪ್ಪತ್ತೆರಡು ವರ್ಷದ ಚಾಕರಿಯಲ್ಲಿ ಅವಳು ಯಾವ ಮ್ಯಾನೇಜರ ಕೈಯನ್ನೂ ಹಿಡಿದವಳಲ್ಲ.

"ಇದೆಷ್ಟನೇ ನಂಬರು?" ಮ್ಯಾನೇಜರು ಮೆಲ್ಲಗೆ ಕೇಳಿದರು.

"ಒಂದು, ಸಾರ್."

ಅವರು ತಮ್ಮ ಕಾರನ್ನು ನೋಡಿದರು, ಬಟ್ಟೆಯನ್ನು ನೋಡಿದರು. ರೂಪದ ಮೇಡಂ ಮುಂದೆ ಬಂದು, ಯಾರೂ ಹೇಳದೆಯೇ, ಮೂರು ಮುಚ್ಚಳಗಳ ಮೇಲೂ ತಮ್ಮ ಬೆರಳಾಡಿಸಿದರು. "ಕಪ್ಪು ಹಾಗೇ ಇರ್ಲಿ, ಹಲ್ಲು ಹಾಕಿಸ್ತೀನಿ" ಎಂದರು. ಸೋತದ್ದನ್ನು ಇಷ್ಟು ಚೆನ್ನಾಗಿ ಹೇಳಿದವರನ್ನು ದೂರಕ್ಕ ಕಂಡಿರಲಿಲ್ಲ. ಅಂದಿನಿಂದ ಅವರ ಬಗ್ಗೆ ಯಾರಾದರೂ ಕೊಂಕು ಆಡಿದರೆ ಬಾಯಿ ಮುಚ್ಚಿಸುತ್ತಿದ್ದಳು.

ಅಲ್ಲಿಗೆ ಎಲ್ಲ ಮುಗಿಯಿತು ಎಂದು ಎಲ್ಲರೂ ಒಳಗೆ ಹೊರಟರು. ದೂರಕ್ಕ ಹೋಗಲಿಲ್ಲ. ಅವಳು ಬಂದಿದ್ದು ಮುಚ್ಚಳಕ್ಕಲ್ಲ.

"ಸಾರ್, ಶೆಡ್ಡಿನ ಮಾಲೀಕರಿಗೆ ಉತ್ತರ?"

ಮ್ಯಾನೇಜರು ಕೈ ಒರೆಸಿಕೊಳ್ಳುತ್ತ ನಿಟ್ಟುಸಿರುಬಿಟ್ಟರು. "ಮುಚ್ಚಳ ಬದಲಾಯಿಸ್ತಿದೀವಲ್ಲ. ಕಾಗದದ ಮೇಲೆ ತಪ್ಪು ಒಪ್ಕೊಳ್ಳೋದು ಬೇಡ. ಮೇಲಿನವರು ನನ್ನನ್ನ ಕೇಳ್ತಾರೆ."

"ಹೊಸ ಮುಚ್ಚಳ ಬರೋಕೆ ಆರು ವಾರ. ಅಲ್ಲೀತನಕ ಅವರು ಮ್ಯಾಟ್ ತೊಳೀತಿರ್ಬೇಕಾ?"

"ನಾನೇನು ಮಾಡ್ಲಿ ಹೇಳಿ."

"ನೀವೇನೂ ಮಾಡ್ಬೇಡಿ. ಕಂಪನಿ ತಪ್ಪು ಬರೆಯೋಕೆ ನಿಮ್ಮ ಅಪ್ಪಣೆ ಬೇಕು. ನನ್ನ ತಪ್ಪು ಬರೆಯೋಕೆ ಯಾರ ಅಪ್ಪಣೆ ಬೇಕು?"

ಅವಳು ತನ್ನ ಮೇಜಿಗೆ ಹೋಗಿ ಕೂತಳು. ಟೈಪು ಮಾಡಲಿಲ್ಲ, ಕೈಯಲ್ಲೇ ಬರೆದಳು.

'ನಿಮ್ಮ ಮೇಷ್ಟ್ರು ಬಾನೆಟ್ಟು ಕೆಡುವುದಕ್ಕೆ ಮೊದಲೇ ನಮಗೆ ಫೋನ್ ಮಾಡಿ, ಹೊಸ ಮುಚ್ಚಳದಿಂದ ತೊಂದರೆ ಎಂದು ಎಚ್ಚರಿಸಲು ನೋಡಿದ್ದರು. ಫೋನ್ ತೆಗೆದವಳು ನಾನು. ಅವರ ಮಾತು ಬೈಗುಳವೆಂದು ತಿಳಿದು ಪೂರ್ತಿ ಕೇಳದೆ ಇಟ್ಟುಬಿಟ್ಟೆ. ಕೇಳಿದ್ದರೆ ಡಾಕ್ಟರ ಕಾರು ಕೆಡುತ್ತಿರಲಿಲ್ಲ. ಪಾಲಿಶ್ ಸರಿಯಾಗಿದೆ. ಮೇಷ್ಟ್ರ ಕೈಯೂ ಸರಿಯಾಗಿದೆ. ಕೆಟ್ಟಿದ್ದು ನನ್ನ ಕಿವಿ. ಇದರ ಜೊತೆ ಮೂರು ಹಳೆಯ ಮುಚ್ಚಳ ಕಳಿಸಿದ್ದೇನೆ, ಹೊಸ ಡಬ್ಬಕ್ಕೂ ಕೂರುತ್ತವೆ. ಅವನ್ನು ಮೇಷ್ಟ್ರ ಕೈಗೆ ಕೊಟ್ಟು, ನೀವು ಪಕ್ಕದಲ್ಲಿ ನಿಂತು ನೋಡಿ.'

ಕೆಳಗೆ ಸಹಿ ಹಾಕಿ, 'ಗಿರಾಕಿಗಳ ದೂರು ವಿಭಾಗ' ಎಂದು ಮೊಹರು ಒತ್ತಿದಳು. ಅದನ್ನು ಮೇಲಿನವರು ಯಾರಾದರೂ ಓದಿದರೆ ತಾನು ಆ ಕುರ್ಚಿಯಲ್ಲಿ ಉಳಿಯುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೆದರಿಕೆಯೂ ಆಗಿತ್ತು. ಆದರೂ ಕಾಗದ ಮಡಚಿದಳು. ಉಗ್ರಾಣಕ್ಕೆ ಹೋಗಿ ಹಳೆಯ ಮುಚ್ಚಳಗಳ ಪೆಟ್ಟಿಗೆಯಿಂದ ಮೂರನ್ನು ತಂದಳು. ಹಲ್ಲಿರುವುದನ್ನು ಅಂಗೈಗೆ ಒಂದು ಸಲ ಒತ್ತಿ ನೋಡಿಕೊಂಡಳು.

ಅಂಚೆಗೆ ಹಾಕುವ ಮೊದಲು ಪತ್ರವನ್ನು ಮ್ಯಾನೇಜರ ಮುಂದಿಟ್ಟಳು. "ಕದ್ದು ಕಳಿಸಿದೆ ಅಂತ ಆಗ್ಬಾರ್ದು" ಎಂದಳು. ಅವರು ಓದಿದರು. ಎರಡನೇ ಸಲ ಓದಿದರು. ಬೋಳು ತಲೆಯ ಮೇಲೆ ನಿಧಾನವಾಗಿ ಕೈಯಾಡಿಸಿಕೊಂಡರು. ಆಮೇಲೆ ಪೆನ್ನು ತೆಗೆದು ಅವಳ ಸಹಿಯ ಕೆಳಗೆ ಒಂದು ಸಾಲು ಬರೆದರು: 'ಮುಚ್ಚಳ ಬದಲಿಸಿದ್ದು ನಾವು. ತಪ್ಪು ಇವರೊಬ್ಬರದಲ್ಲ.' ಅದರ ಕೆಳಗೆ ತಮ್ಮ ಸಹಿ ಹಾಕಿದರು.

"ಹೋಗಿ, ಹಾಕಿ ಬನ್ನಿ. ನಾನು ಮನಸ್ಸು ಬದಲಾಯಿಸೋದ್ರೊಳಗೆ" ಎಂದರು.

ಎಂಟನೇ ದಿನ ಬೆಳಗ್ಗೆ ಹನ್ನೊಂದರ ಸುಮಾರಿಗೆ ಫೋನು ಬಂತು.

"ಅಮ್ಮಾ, ಬೋಳ ಕೈಗೆ ಸಿಕ್ಕಿದ."

ದೂರಕ್ಕ ಪೆನ್ನು ಕೆಳಗಿಟ್ಟು, ನಾಲ್ಕು ಖಾನೆಯ ಹಾಳೆಯನ್ನು ಪಕ್ಕಕ್ಕೆ ಸರಿಸಿದಳು.

ಮೇಷ್ಟ್ರು ನಿಧಾನವಾಗಿ ಹೇಳಿದರು. ಮಾಲೀಕರು ಪತ್ರವನ್ನು ಶೆಡ್ಡಿನಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿದರಂತೆ. 'ಮೇಷ್ಟ್ರ ಕೈಯೂ ಸರಿಯಾಗಿದೆ' ಎಂಬಲ್ಲಿ ನಿಲ್ಲಿಸಿ, ಅದನ್ನೇ ಮತ್ತೊಂದು ಸಲ ಓದಿದರಂತೆ. ಡಾಕ್ಟರ ಕಾರನ್ನು ಮತ್ತೆ ಕರೆಸಿದರು. ಹಲ್ಲಿನಿಂದ ಒಂದು ದಿನ, ಹೊಕ್ಕಳಿನಿಂದ ಒಂದು ದಿನ, ಬೋಳನಿಂದ ಅರ್ಧ ದಿನ. ಮಾಲೀಕರು ಪಕ್ಕದಲ್ಲಿ ನಿಂತಿದ್ದರು. ಮೇಷ್ಟ್ರು ಒಂದು ಸಲವೂ ಸ್ಟೂಲಿನ ಕಡೆ ಕಣ್ಣು ಹಾಯಿಸಲಿಲ್ಲ. ಬಾನೆಟ್ಟಿನಲ್ಲಿ ಚಾವಣಿಯ ಮೊಳೆಗಳನ್ನು ಎಣಿಸಬಹುದಾಗಿತ್ತು. ಡಾಕ್ಟರು ಬಂದು ಬಗ್ಗಿ ನೋಡಿ, ಅದರಲ್ಲೇ ತಲೆಗೂದಲು ಸರಿಮಾಡಿಕೊಂಡು ಹೋದರು.

ಪಕ್ಕದ ಮೇಜಿನಲ್ಲಿ ಇನ್ನೊಂದು ಫೋನು ಬ‍ಡಿದುಕೊಳ್ಳುತ್ತಿತ್ತು. ಚಹಾ ತಣ್ಣಗಾಗಿ ಕೆನೆ ಕಟ್ಟಿತು. ಮ್ಯಾನೇಜರು ಏನೋ ಕೇಳಲೆಂದು ಬಂದವರು, ಅವಳ ಮುಖ ನೋಡಿ ಸದ್ದಿಲ್ಲದೆ ಹಿಂದಿರುಗಿದರು.

"ತುಂಬಾ ಹೊತ್ತಾಯ್ತೇನಮ್ಮಾ? ಇಟ್ಟುಬಿಡ್ಲಾ?"

"ಹೇಳೋದು ಮುಗೀತಾ ಮೇಷ್ಟ್ರೇ?"

"ಇನ್ನೊಂಚೂರಿದೆ" ಎಂದರು.

"ಹೇಳಿ" ಎಂದಳು ದೂರಕ್ಕ. ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದು, ಅವರು ಇಡುವ ತನಕ ಕೇಳಿದಳು.